ಜಿ. ಪಿ. ಸ್ಯಾಂಡರ್ಸನ್

ಜಾರ್ಜ್ ಪೆರೆಸ್ ಸ್ಯಾಂಡರ್ಸನ್ (೧೮೪೮–೧೮೯೨) ಮೈಸೂರು ಸಂಸ್ಥಾನದಲ್ಲಿ ನೀರಾವರಿ ಕಾಲುವೆಗಳ ಅಧಿಕಾರಿಯಾಗಿದ್ದು, ಮುಂದೆ ಕಾಡಾನೆಗಳನ್ನು ಹಿಂಡುಹಿಂಡಾಗಿ ಸೆರೆಹಿಡಿಯುವ ಖೆಡ್ಡಾ ಪದ್ಧತಿಯನ್ನು ಇಲ್ಲಿ ನೆಲೆಗೊಳಿಸಿದ ಬ್ರಿಟಿಷ್ ಅಧಿಕಾರಿ, ಬೇಟೆಗಾರ ಮತ್ತು ಲೇಖಕ. ಇಂದಿನ ಮೈಸೂರು ಮತ್ತು ಚಾಮರಾಜನಗರ ಜಿಲ್ಲೆಗಳ ಕಾಡುಗಳಲ್ಲಿ ಕಂಡ ವನ್ಯಜೀವಿಗಳ ಕುರಿತು ಅವರು ೧೮೭೮ರಲ್ಲಿ ಪ್ರಕಟಿಸಿದ ಗ್ರಂಥವು ದಕ್ಷಿಣ ಭಾರತದ ಆನೆ, ಹುಲಿ ಮತ್ತು ಕಾಟಿಗಳ ಬಗೆಗಿನ ಆರಂಭಿಕ ವಿವರವಾದ ಬರಹಗಳಲ್ಲಿ ಒಂದಾಗಿದೆ. ಭಾರಿ ಕೋವಿಗಳಿಂದ ಆನೆಗಳನ್ನು ಹೊಡೆಯುವುದರಲ್ಲಿ ತೊಡಗಿದ್ದ ಇವರು ಆನೆಗಳನ್ನು ಜೀವಸಹಿತ ಹಿಡಿಯುವುದರಿಂದ ಹೆಸರಾದರು. ಬೇಟೆಯಲ್ಲಿ ಗುಂಡನ್ನು ಹಾರಿಸಲು ಬಳಸುತ್ತಿದ್ದ ಮದ್ದು, ಖೆಡ್ಡಾದಲ್ಲಿ ಹಿಂಡನ್ನು ಬೆದರಿಸಿ ತಡೆಯುವ ಸದ್ದಾಗಿ ಬಳಕೆಯಾಯಿತು.

ಹಿನ್ನೆಲೆ ಮತ್ತು ಬಾಲ್ಯ

ಸ್ಯಾಂಡರ್ಸನ್ ೧೮೪೮ರಲ್ಲಿ ಜನಿಸಿದರು. ಇವರ ತಂದೆ ರೆವರೆಂಡ್ ಡೇನಿಯಲ್ ಸ್ಯಾಂಡರ್ಸನ್ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನರಿ ಹಾಗೂ ಕನ್ನಡ ವಿದ್ವಾಂಸರು. ವಿಲಿಯಂ ರೀವ್ ಸಿದ್ಧಪಡಿಸಿದ್ದ ಕನ್ನಡ–ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿ, ವಿಸ್ತರಿಸಿ ೧೮೫೮ರಲ್ಲಿ ಬೆಂಗಳೂರಿನಲ್ಲಿ ಹೊರತಂದವರು ಇವರೇ. ಫರ್ಡಿನಂಡ್ ಕಿಟೆಲ್ ಅವರ ನಿಘಂಟು ೧೮೯೪ರಲ್ಲಿ ಪ್ರಕಟವಾಗುವ ಮೊದಲು ಕನ್ನಡ ಕಲಿಯುವವರಿಗೆ ದೊರೆಯುತ್ತಿದ್ದ ಮುಖ್ಯ ಆಕರಗಳಲ್ಲಿ ಈ ನಿಘಂಟು ಒಂದಾಗಿತ್ತು.

ಜಾರ್ಜ್ ಅವರ ಶಾಲಾ ಶಿಕ್ಷಣ ಇಂಗ್ಲೆಂಡಿನಲ್ಲಿ ನಡೆಯಿತು. ೧೮೬೪ರಲ್ಲಿ, ಹದಿಹರೆಯದಲ್ಲೇ ಅವರು ಮದರಾಸಿನ ಮೂಲಕ ಮೈಸೂರಿಗೆ ಬಂದರು. ಬಳಿಕ ಕನ್ನಡವನ್ನು ಶ್ರದ್ಧೆಯಿಂದ ಕಲಿತರು. ಮುಂದೆ ಕಾಡಂಚಿನ ರೈತರು, ಹೆಜ್ಜೆ ಹಿಡಿಯುವವರು ಮತ್ತು ಮಾವುತರೊಂದಿಗೆ ದುಭಾಷಿಗಳಿಲ್ಲದೆ ನೇರವಾಗಿ ವ್ಯವಹರಿಸಲು ಈ ಕಲಿಕೆ ನೆರವಾಯಿತು.

ಕಾಲುವೆ ಇಲಾಖೆಯ ಸೇವೆ

೧೮೩೧ರಿಂದ ೧೮೮೧ರವರೆಗೆ ಮೈಸೂರು ಸಂಸ್ಥಾನದ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಈ ಅವಧಿಯಲ್ಲಿ, ೧೮೬೮ರಲ್ಲಿ, ಸ್ಯಾಂಡರ್ಸನ್ ಕಾಲುವೆಗಳ ಮೇಲ್ವಿಚಾರಣೆಯ ಸರ್ಕಾರಿ ಹುದ್ದೆಗೆ ಸೇರಿದರು. ನದಿಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಅಣೆಕಟ್ಟುಗಳಿಂದ ನೀರನ್ನು ತಿರುಗಿಸಿ ಗದ್ದೆಗಳಿಗೆ ಹರಿಸುವ ಹಳೆಯ ಕಾಲುವೆಗಳು ಮೈಸೂರು ಸೀಮೆಯ ಬೇಸಾಯಕ್ಕೆ ಆಧಾರವಾಗಿದ್ದವು. ಹುಣಸೂರು ತಾಲ್ಲೂಕಿನಲ್ಲಿ ಲಕ್ಷ್ಮಣತೀರ್ಥ ನದಿಯಿಂದಲೂ, ಆಗ ಯಡತೊರೆ ಎಂಬ ಹೆಸರಿದ್ದ ಇಂದಿನ ಕೃಷ್ಣರಾಜನಗರ ತಾಲ್ಲೂಕಿನಲ್ಲಿ ಕಾವೇರಿಯಿಂದಲೂ ಇಂತಹ ಕಾಲುವೆಗಳು ಹೊರಟಿದ್ದವು. ಇವುಗಳ ದುರಸ್ತಿ, ಹೂಳು ತೆಗೆಸುವಿಕೆ ಮತ್ತು ನೀರಿನ ಹಂಚಿಕೆ ಕಾಲುವೆ ಅಧಿಕಾರಿಗಳ ಹೊಣೆಯಾಗಿತ್ತು.

ಈ ಕೆಲಸಕ್ಕೆ ವರ್ಷದ ಬಹುಕಾಲ ಊರೂರು ಸುತ್ತಬೇಕಾಗುತ್ತಿತ್ತು. ಪಿರಿಯಾಪಟ್ಟಣ, ಹುಣಸೂರು ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಅಂಚು ಕೊಡಗು ಮತ್ತು ವಯನಾಡಿನ ಕಾಡುಗಳಿಗೆ ತಾಗಿಕೊಂಡಿತ್ತು. ಅಲ್ಲಿನ ರೈತರು ಬೆಳೆಯ ಕಾಲದಲ್ಲಿ ರಾತ್ರಿಯಿಡೀ ಅಟ್ಟಣೆಗಳ ಮೇಲೆ ಕುಳಿತು, ಬೆಂಕಿ ಮತ್ತು ಕೂಗಿನಿಂದ ಆನೆಗಳನ್ನು ಓಡಿಸಬೇಕಾಗಿತ್ತು. ಒಂದು ಹಿಂಡು ಹೊಲಕ್ಕೆ ಇಳಿದರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚಾಗಿ, ವರ್ಷದ ಬೆಳೆ ಒಂದೇ ರಾತ್ರಿಯಲ್ಲಿ ಹಾಳಾಗುತ್ತಿತ್ತು. ಬೆಳೆಹಾನಿಯ ಈ ಸಮಸ್ಯೆಯೇ ಮುಂದೆ ಖೆಡ್ಡಾ ಯೋಜನೆಗೆ ಒಂದು ಮುಖ್ಯ ಕಾರಣವಾಯಿತು.

ಬೇಟೆ ಮತ್ತು ಕೋವಿಗಳು

ಸ್ಯಾಂಡರ್ಸನ್ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆ ಕಾಡಿನಲ್ಲಿಯೂ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿಯೂ ಬೇಟೆಯಾಡಿದರು. ಚಾಮರಾಜನಗರದ ಸಮೀಪದ, ತಮ್ಮ ಗ್ರಂಥದಲ್ಲಿ ಮೊರ್ಲೆ ಎಂದು ಕರೆದಿರುವ ಹಳ್ಳಿಯಲ್ಲಿ ಬಂಗಲೆಯೊಂದನ್ನು ಕಟ್ಟಿಸಿಕೊಂಡಿದ್ದರು. ಅಲ್ಲಿನ ಹೆಜ್ಜೆಗಾರರಲ್ಲಿ ಬೊಮ್ಮೇಗೌಡ ಎಂಬವರು ಪ್ರಮುಖರು. ಕಾಡಿನ ಹಾದಿ, ಪ್ರಾಣಿಗಳ ನಡೆ ಮತ್ತು ಹೆಜ್ಜೆಯ ಹೊಸತು-ಹಳತುಗಳನ್ನು ಗುರುತಿಸುವ ಜ್ಞಾನವನ್ನು ಸ್ಯಾಂಡರ್ಸನ್ ಪಡೆದದ್ದು ಇಂತಹ ಹಳ್ಳಿಗರಿಂದ ಹಾಗೂ ಜೇನುಕುರುಬ, ಬೆಟ್ಟಕುರುಬ ಮತ್ತು ಸೋಲಿಗ ಸಮುದಾಯದವರಿಂದ.

ಆ ಕಾಲದ ದೊಡ್ಡ ಬೇಟೆಯ ಕೋವಿಗಳನ್ನು 'ಬೋರ್' ಎಂಬ ಅಳತೆಯಿಂದ ಗುರುತಿಸಲಾಗುತ್ತಿತ್ತು. ನಳಿಕೆಯೊಳಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆ ಎಂಬುದೇ ಆ ಸಂಖ್ಯೆ. ೧೨ ಬೋರ್ ಕೋವಿಯ ಗುಂಡು ಸುಮಾರು ೩೮ ಗ್ರಾಂ, ೮ ಬೋರಿನ ಗುಂಡು ಸುಮಾರು ೫೭ ಗ್ರಾಂ, ೪ ಬೋರಿನದು ಕಾಲು ಪೌಂಡು, ಅಂದರೆ ಸುಮಾರು ೧೧೩ ಗ್ರಾಂ ಇರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಗುಂಡು ದೊಡ್ಡದು. ಸ್ಯಾಂಡರ್ಸನ್ ಆನೆಬೇಟೆಗೆ ೪ ಬೋರಿನ ಭಾರಿ ಕೋವಿಯನ್ನು ಬಳಸಿದರು. ಆನೆಯ ಮಿದುಳು ದೊಡ್ಡ ತಲೆಬುರುಡೆಯ ಗಾಳಿಗೂಡುಗಳಂತಹ ಎಲುಬಿನ ಹಿಂದೆ ಅಡಗಿರುತ್ತದೆ. ಹಗುರವಾದ ಗುಂಡು ಅಲ್ಲಿಗೆ ತಲುಪದಿದ್ದರೆ ಆನೆ ಗಾಯಗೊಂಡು ಉಳಿಯುತ್ತಿತ್ತು. ಗಾಯಗೊಂಡ ಆನೆ ನರಳಿ ಸಾಯುವುದಷ್ಟೇ ಅಲ್ಲದೆ, ಮರುದಿನ ಆ ದಾರಿಯಲ್ಲಿ ಬರುವ ಸೌದೆಯವರಿಗೂ ದನಗಾಹಿಗಳಿಗೂ ಅಪಾಯವಾಗುತ್ತಿತ್ತು.

ತೋಟೆ ತುಂಬುವ ಕೆಲಸ

ಸ್ಯಾಂಡರ್ಸನ್ ಬೇಟೆಗೆ ತೊಡಗಿದ ವರ್ಷಗಳು ಕೋವಿಗಳ ಇತಿಹಾಸದಲ್ಲಿ ಪರಿವರ್ತನೆಯ ಕಾಲವಾಗಿದ್ದವು. ಅದುವರೆಗೆ ಬಳಕೆಯಲ್ಲಿದ್ದ ಕೇಪಿನ ಕೋವಿಗೆ ನಳಿಕೆಯ ಬಾಯಿಂದ ಮದ್ದನ್ನು ಸುರಿದು, ಮೇಲೆ ಗುಂಡನ್ನಿಟ್ಟು, ಕೋಲಿನಿಂದ ಜಡಿಯಬೇಕಾಗಿತ್ತು. ಮೊದಲ ಈಡು ಗುರಿ ತಪ್ಪಿದರೆ ಎರಡನೆಯದನ್ನು ತುಂಬುವಷ್ಟು ಬಿಡುವನ್ನು ಆನೆಯಾಗಲಿ ಹುಲಿಯಾಗಲಿ ಕೊಡುತ್ತಿರಲಿಲ್ಲ. ಹಾಗಾಗಿ ಬೇಟೆಗಾರನ ಹಿಂದೆ ತುಂಬಿದ ಕೋವಿಗಳನ್ನು ಹಿಡಿದ ಆಳುಗಳು ನಿಲ್ಲಬೇಕಾಗಿತ್ತು. ೧೮೬೬ರಲ್ಲಿ ಬ್ರಿಟನ್ನಿನ ಎಡ್ವರ್ಡ್ ಬಾಕ್ಸರ್ ಮತ್ತು ಅಮೆರಿಕದ ಹೈರಮ್ ಬರ್ಡನ್ ರೂಪಿಸಿದ ಕೇಪುಗಳಿಂದಾಗಿ ಹಿಂಬದಿಯಿಂದ ತುಂಬುವ ತೋಟೆ ಕೋವಿಗಳು ಬೇಗನೆ ಹರಡಿದವು. ಕೇಪು, ಮದ್ದು ಮತ್ತು ಗುಂಡು ಮೂರೂ ಒಂದೇ ತೋಟೆಯೊಳಗೆ ಸೇರಿದವು.

ತೋಟೆ ಕೋವಿಯಿಂದ ಮತ್ತೊಂದು ಅನುಕೂಲವಾಯಿತು. ಹಾರಿಸಿದ ಬಳಿಕ ಉಳಿಯುವ ಹಿತ್ತಾಳೆಯ ಖಾಲಿ ತೋಟೆಯನ್ನು ಮತ್ತೆ ಮತ್ತೆ ತುಂಬಬಹುದಾಗಿತ್ತು. ೪ ಬೋರ್‌ನಂತಹ ಅಪರೂಪದ ಅಳತೆಯ ತೋಟೆಗಳು ಕಾಡಂಚಿನ ಊರುಗಳ ಅಂಗಡಿಗಳಲ್ಲಿ ಸಿಗುವಂತಿರಲಿಲ್ಲ. ಆದ್ದರಿಂದ ಆ ಕಾಲದ ಬೇಟೆಗಾರರು ತೋಟೆ ತುಂಬುವ ಸಣ್ಣ ಕೈ ಉಪಕರಣಗಳನ್ನು ಡೇರೆಯ ಸಾಮಾನಿನೊಂದಿಗೆ ಒಯ್ಯುತ್ತಿದ್ದರು. ಹೊಸಬರು ಕೋವಿ ಹಿಡಿಯುವುದರ ಜೊತೆಗೆ ಈ ಕೆಲಸವನ್ನೂ ಕಲಿಯಬೇಕಾಗಿತ್ತು.

ಕೆಲಸ ಹಲವು ಹಂತಗಳಲ್ಲಿ ನಡೆಯುತ್ತಿತ್ತು. ಮೊದಲು ಖಾಲಿ ತೋಟೆಯಲ್ಲಿ ಬಿರುಕು ಅಥವಾ ಉಬ್ಬು ಇದೆಯೇ ಎಂದು ಪರೀಕ್ಷಿಸಿ, ದೋಷವಿದ್ದುದನ್ನು ತೆಗೆದಿಡಲಾಗುತ್ತಿತ್ತು. ಸುಟ್ಟ ಕೇಪನ್ನು ತಳದಿಂದ ಹೊರದಬ್ಬಿ, ತೋಟೆಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಲಾಗುತ್ತಿತ್ತು. ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲುಗಳಿಂದಾದ ಕರಿಮದ್ದು ಉರಿದಾಗ ಉಳಿಯುವ ಮಸಿ ಗಾಳಿಯ ತೇವವನ್ನು ಹೀರಿಕೊಂಡು ಹಿತ್ತಾಳೆಯನ್ನೂ ನಳಿಕೆಯನ್ನೂ ತಿನ್ನುತ್ತದೆ. ಕಾಕನಕೋಟೆಯಂತಹ ಕಾಡಿನ ಸೀಮೆಯಲ್ಲಿ ಒಂದು ರಾತ್ರಿಯ ಅಲಕ್ಷ್ಯವೂ ಕೋವಿಗೆ ತುಕ್ಕು ಹಿಡಿಸಲು ಸಾಕಾಗುತ್ತಿತ್ತು. ಆಮೇಲೆ ಹೊಸ ಕೇಪನ್ನು ಕೂರಿಸಿ, ಮದ್ದನ್ನು ಅಳೆದು ಸುರಿದು, ಅದರ ಮೇಲೆ ಒತ್ತಿದ ಉಣ್ಣೆಯ ಬಿಲ್ಲೆಗಳನ್ನಿಟ್ಟು, ಕೊನೆಗೆ ಗುಂಡನ್ನು ಕೂರಿಸಿ ತೋಟೆಯ ಬಾಯಿ ಭದ್ರಪಡಿಸಲಾಗುತ್ತಿತ್ತು.

ಮದ್ದನ್ನು ಡ್ರಾಮ್ ಎಂಬ ಮಾನದಲ್ಲಿ ಅಳೆಯುತ್ತಿದ್ದರು. ಒಂದು ಡ್ರಾಮ್ ಸುಮಾರು ೧.೭೭ ಗ್ರಾಂ. ಸಾಮಾನ್ಯ ೧೨ ಬೋರ್ ಚರೆಕೋವಿಗೆ ಮೂರು ಡ್ರಾಮ್ ಸಾಕಾದರೆ, ಆನೆಬೇಟೆಯ ೪ ಬೋರ್ ಕೋವಿಗಳಿಗೆ ಹತ್ತು ಡ್ರಾಮ್ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತಿತ್ತು. ಮದ್ದು ಕಡಿಮೆಯಾದರೆ ಗುಂಡು ಎಲುಬಿನಲ್ಲೇ ನಿಲ್ಲುತ್ತಿತ್ತು. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ ನಳಿಕೆ ಉಬ್ಬುವ ಅಪಾಯವಿತ್ತು. ಮಿತಿಮೀರಿ ತುಂಬಿದರೆ ಹಿಂದೊದೆತದಿಂದ ಭುಜಕ್ಕೂ, ಕೋವಿಯೇ ಒಡೆದರೆ ಪ್ರಾಣಕ್ಕೂ ಹಾನಿಯಿತ್ತು. ಗುಂಡನ್ನು ಅಚ್ಚಿನಲ್ಲಿ ಎರಕ ಹೊಯ್ಯಲಾಗುತ್ತಿತ್ತು. ಶುದ್ಧ ಸೀಸವು ಎಲುಬಿಗೆ ತಾಗಿದೊಡನೆ ಚಪ್ಪಟೆಯಾಗುವುದರಿಂದ, ಆನೆ ಮತ್ತು ಕಾಟಿಗಳಿಗೆಂದು ತವರ ಅಥವಾ ಪಾದರಸ ಬೆರೆಸಿ ಗಟ್ಟಿಗೊಳಿಸುವುದು ರೂಢಿಯಾಗಿತ್ತು. ಹೀಗೆ ಕಾಡಿನಲ್ಲಿ ಒಂದು ಈಡಿನ ಫಲಾಫಲವು ಹಿಂದಿನ ಸಂಜೆ ಡೇರೆಯಲ್ಲಿ ನಡೆದ ಅಳತೆಯನ್ನು ಅವಲಂಬಿಸಿತ್ತು. ಅಳತೆ ತಪ್ಪಿದಾಗ ಅಪಾಯಕ್ಕೆ ಒಳಗಾಗುತ್ತಿದ್ದವನು ಕೋವಿ ಹಿಡಿದವನೊಬ್ಬನೇ ಅಲ್ಲ. ಮುಂದೆ ಹೆಜ್ಜೆ ನೋಡುತ್ತ ಬರಿಗೈಯಲ್ಲಿ ನಡೆಯುತ್ತಿದ್ದ ಹೆಜ್ಜೆಗಾರನೂ ಅಷ್ಟೇ ಅಪಾಯದಲ್ಲಿರುತ್ತಿದ್ದ.

ಖೆಡ್ಡಾ

೧೮೭೦ರ ದಶಕದ ಆರಂಭದಲ್ಲಿ ಆನೆಗಳ ಬಗೆಗಿನ ಸರ್ಕಾರದ ಧೋರಣೆ ಬದಲಾಗತೊಡಗಿತು. ಮದರಾಸು ಪ್ರಾಂತದಲ್ಲಿ ೧೮೭೩ರಲ್ಲಿ ಕಾಡಾನೆಗಳ ರಕ್ಷಣೆಗೆ ಕಾಯಿದೆ ಬಂದಿತು. ೧೮೭೯ರಲ್ಲಿ ಬ್ರಿಟಿಷ್ ಭಾರತಕ್ಕೆ ಅನ್ವಯವಾಗುವ ಆನೆ ಸಂರಕ್ಷಣಾ ಕಾಯಿದೆ ಜಾರಿಯಾಯಿತು. ಸೈನ್ಯದ ಸಾಗಣೆಗೂ ಮರದ ದಿಮ್ಮಿಗಳನ್ನು ಎಳೆಯುವುದಕ್ಕೂ ಸರ್ಕಾರಕ್ಕೆ ಆನೆಗಳು ಬೇಕಾಗಿದ್ದವು. ಬೆಳೆ ಹಾಳುಮಾಡುವ ಆನೆಗಳನ್ನು ಕೊಲ್ಲುವ ಬದಲು ಹಿಡಿದು ಪಳಗಿಸಿದರೆ ರೈತರಿಗೂ ಸರ್ಕಾರಕ್ಕೂ ಪ್ರಯೋಜನವಾಗುತ್ತದೆ ಎಂಬ ಪ್ರಸ್ತಾವವನ್ನು ಸ್ಯಾಂಡರ್ಸನ್ ೧೮೭೩ರಲ್ಲಿ ಮುಂದಿಟ್ಟರು. ಆಗ ಸರ್ ರಿಚರ್ಡ್ ಮೀಡ್ ಮೈಸೂರಿನ ಮುಖ್ಯ ಕಮಿಷನರ್ ಆಗಿದ್ದರು. ಪ್ರಸ್ತಾವಕ್ಕೆ ಒಪ್ಪಿಗೆ ದೊರೆಯಿತು.

ಅದುವರೆಗೆ ಮೈಸೂರು ಸೀಮೆಯಲ್ಲಿ ಆನೆಗಳನ್ನು ಗುಂಡಿ ತೋಡಿ ಹಿಡಿಯಲಾಗುತ್ತಿತ್ತು. ಆಳವಾದ ಗುಂಡಿಗೆ ಬಿದ್ದ ಆನೆಗಳು ಕಾಲು ಮುರಿದುಕೊಳ್ಳುವುದು ಮತ್ತು ಸಾಯುವುದು ಸಾಮಾನ್ಯವಾಗಿದ್ದುದರಿಂದ ಸ್ಯಾಂಡರ್ಸನ್ ಈ ವಿಧಾನವನ್ನು ಟೀಕಿಸಿದರು. ಇಡೀ ಹಿಂಡನ್ನು ಒಮ್ಮೆಗೇ ಹಿಡಿಯುವ ಕೆಲಸದಲ್ಲಿ ಇಲ್ಲಿ ಯಾರಿಗೂ ಅನುಭವವಿರಲಿಲ್ಲ. ಸ್ಯಾಂಡರ್ಸನ್ ದಾಖಲಿಸಿರುವಂತೆ, ಸುಮಾರು ನೂರು ವರ್ಷಗಳ ಹಿಂದೆ ಹೈದರ್ ಅಲಿ ಕಾಕನಕೋಟೆಯ ಕಾಡಿನಲ್ಲಿ ಈ ಪ್ರಯತ್ನ ಮಾಡಿ ವಿಫಲನಾಗಿ, ಮುಂದೆ ಯಾರೂ ಇದರಲ್ಲಿ ಗೆಲ್ಲಲಾರರೆಂದೂ ಪ್ರಯತ್ನಿಸುವವರಿಗೆ ಶಾಪವೆಂದೂ ಕಲ್ಲಿನಲ್ಲಿ ಬರೆಸಿದ್ದನು.

ಸ್ಯಾಂಡರ್ಸನ್ ತಮ್ಮ ಮೊದಲ ಖೆಡ್ಡಾಕ್ಕೆ ಚಾಮರಾಜನಗರದ ಸಮೀಪದ ಹೊನ್ನುಹೊಳೆಯ ಪ್ರದೇಶವನ್ನು ಆರಿಸಿಕೊಂಡರು. ಆನೆಗಳು ಹೊಳೆ ದಾಟುವ ಕಡವುಗಳನ್ನೂ ಅವುಗಳ ಮಾಮೂಲು ದಾರಿಗಳನ್ನೂ ಮೊದಲು ಗುರುತಿಸಿ, ಕಂದಕ ಮತ್ತು ಬೇಲಿಗಳನ್ನು ಸಿದ್ಧಪಡಿಸಲಾಯಿತು. ೧೮೭೪ರಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳ ಹಿಂಡೊಂದು ಸೆರೆಯಾಯಿತು. ಒಂದೇ ಬಾರಿಗೆ ಅಷ್ಟು ಆನೆಗಳನ್ನು ಹಿಡಿದದ್ದು ಮೈಸೂರಿನಲ್ಲಿ ಅದೇ ಮೊದಲು.

ಖೆಡ್ಡಾದಲ್ಲಿ ಮದ್ದಿನ ಬಳಕೆ

ಖೆಡ್ಡಾ ಕಾರ್ಯಾಚರಣೆಯಲ್ಲಿ ನೂರಾರು ಜನರು ಹಿಂಡಿನ ಸುತ್ತ ಮೈಲಿಗಟ್ಟಲೆ ಕಾವಲು ನಿಲ್ಲುತ್ತಿದ್ದರು. ಹಗಲು ಬಿದಿರಿನ ಬೇಲಿ, ರಾತ್ರಿ ಬೆಂಕಿಯ ಸಾಲು ಆನೆಗಳನ್ನು ಒಳಗೇ ಉಳಿಸುತ್ತಿದ್ದವು. ಆಮೇಲೆ ತಮಟೆ, ಕೂಗು ಮತ್ತು ಕೋವಿಯ ಸದ್ದಿನಿಂದ ಹಿಂಡನ್ನು ಬಾಗಿಲಿನತ್ತ ಅಟ್ಟಲಾಗುತ್ತಿತ್ತು. ಹಿಂಡು ಒಳಹೊಕ್ಕೊಡನೆ ಹಗ್ಗ ಕತ್ತರಿಸಿ ಬಾಗಿಲನ್ನು ಬೀಳಿಸಲಾಗುತ್ತಿತ್ತು. ಬಳಿಕ ಪಳಗಿದ ಆನೆಗಳ ಮೇಲೆ ಮಾವುತರು ಒಳಗೆ ಹೋಗಿ, ಕಾಡಾನೆಗಳ ಹಿಂಗಾಲುಗಳಿಗೆ ಹಗ್ಗ ಬಿಗಿಯುತ್ತಿದ್ದರು.

ಈ ಕೆಲಸದಲ್ಲಿ ಕೋವಿಗಳಿಗೆ ಹೆಚ್ಚಾಗಿ ಗುಂಡಿಲ್ಲದೆ ಬರಿಯ ಮದ್ದನ್ನು ತುಂಬಲಾಗುತ್ತಿತ್ತು. ಹಿಂಡು ತಿರುಗಿಬಿದ್ದಾಗ ಎದುರಿನಿಂದ ಕೇಳುವ ಸದ್ದು, ಕಾಣುವ ಬೆಂಕಿ ಮತ್ತು ಹೊಗೆ ಅದನ್ನು ತಡೆಯುತ್ತಿದ್ದವು. ಗುಂಡಿನ ತೋಟೆ ಮತ್ತು ಬರಿಮದ್ದಿನ ತೋಟೆಗಳನ್ನು ಬೇರೆಬೇರೆಯಾಗಿ ಇಡುವುದು ಅತ್ಯಗತ್ಯವಾಗಿತ್ತು. ಒಂದರ ಬದಲು ಇನ್ನೊಂದು ಬಂದರೆ ಬೆಲೆಬಾಳುವ ಆನೆಯಾಗಲಿ, ಎದುರುಸಾಲಿನಲ್ಲಿ ನಿಂತ ಮನುಷ್ಯನಾಗಲಿ ಸಾಯಬಹುದಾಗಿತ್ತು. ಜೀವಕ್ಕೆ ಅಪಾಯ ಒದಗಿದಾಗ ಮಾತ್ರ ಬಳಸಲು ಗುಂಡು ತುಂಬಿದ ಭಾರಿ ಕೋವಿಗಳನ್ನು ಹತ್ತಿರದಲ್ಲಿ ಇಟ್ಟುಕೊಳ್ಳಲಾಗುತ್ತಿತ್ತು.

ಬಂಗಾಳದಲ್ಲಿ ಸೇವೆ

ಮೈಸೂರಿನ ಯಶಸ್ಸಿನ ಬಳಿಕ ೧೮೭೫ರಲ್ಲಿ ಸ್ಯಾಂಡರ್ಸನ್ ಅವರನ್ನು ಬಂಗಾಳದ ಸರ್ಕಾರಿ ಖೆಡ್ಡಾ ವಿಭಾಗಕ್ಕೆ ಎರವಲಾಗಿ ಕಳುಹಿಸಲಾಯಿತು. ಢಾಕಾ ಆ ವಿಭಾಗದ ಕೇಂದ್ರವಾಗಿತ್ತು. ಚಿತ್ತಗಾಂಗ್ ಗುಡ್ಡಗಾಡು ಮತ್ತು ಗಾರೋ ಬೆಟ್ಟಗಳಲ್ಲಿ ಅವರು ಆನೆ ಹಿಡಿಯುವ ಕಾರ್ಯಾಚರಣೆಗಳನ್ನು ನಡೆಸಿದರು. ಅಲ್ಲಿ ತಲೆಮಾರುಗಳಿಂದ ಈ ವೃತ್ತಿಯಲ್ಲಿದ್ದ ಜನರ ಕೌಶಲವನ್ನು ಕಂಡುಕೊಂಡು ತಮ್ಮ ಗ್ರಂಥದಲ್ಲಿ ವಿವರವಾಗಿ ದಾಖಲಿಸಿದರು.

ಗ್ರಂಥ

'ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ' ೧೮೭೮ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆನೆ, ಕಾಟಿ, ಹುಲಿ, ಚಿರತೆ ಮತ್ತು ಕರಡಿಗಳ ನೆಲೆ ಹಾಗೂ ಸ್ವಭಾವ, ಆನೆಗಳನ್ನು ಹಿಡಿದು ಪಳಗಿಸುವ ವಿಧಾನ, ಕಾಡಿನ ಸಮುದಾಯಗಳು ಮತ್ತು ಬೇಟೆಯ ಕೋವಿಗಳ ವಿಚಾರ ಇದರಲ್ಲಿವೆ. ಆನೆಯ ಹಿಂಡನ್ನು ಮುನ್ನಡೆಸುವುದು ಗಂಡಾನೆಯಲ್ಲ, ಹೆಣ್ಣಾನೆ ಎಂಬುದನ್ನೂ, ಮುಂಗಾಲಿನ ಪಾದದ ಸುತ್ತಳತೆಯ ಎರಡರಷ್ಟು ಆನೆಯ ಭುಜದ ಎತ್ತರಕ್ಕೆ ಹೆಚ್ಚುಕಡಿಮೆ ಸಮವೆಂಬುದನ್ನೂ ಸ್ಯಾಂಡರ್ಸನ್ ತಮ್ಮ ಅನುಭವದಿಂದ ವಿವರಿಸಿದ್ದಾರೆ. ಭಾರತದ ಆನೆಗಳ ಎತ್ತರದ ಬಗ್ಗೆ ಆಗ ಪ್ರಚಲಿತವಿದ್ದ ಉತ್ಪ್ರೇಕ್ಷೆಗಳನ್ನು ಅವರು ನೇರ ಅಳತೆಗಳ ಆಧಾರದ ಮೇಲೆ ತಳ್ಳಿಹಾಕಿದರು.

ರಡ್ಯಾರ್ಡ್ ಕಿಪ್ಲಿಂಗ್ ಅವರ 'ದಿ ಜಂಗಲ್ ಬುಕ್' (೧೮೯೪) ಸಂಕಲನದಲ್ಲಿರುವ ತೂಮಾಯ್ ಎಂಬ ಬಾಲಕನ ಕಥೆಯಲ್ಲಿ ಸರ್ಕಾರಕ್ಕಾಗಿ ಆನೆ ಹಿಡಿಯುವ ಪೀಟರ್ಸನ್ ಸಾಹೇಬನ ಪಾತ್ರಕ್ಕೆ ಸ್ಯಾಂಡರ್ಸನ್ ಪ್ರೇರಣೆಯೆಂದು ಪರಿಗಣಿಸಲಾಗಿದೆ. ಕಥೆಯು ಗಾರೋ ಬೆಟ್ಟಗಳಲ್ಲಿ ನಡೆಯುತ್ತದೆ.

ಕೊನೆಯ ವರ್ಷಗಳು

೧೮೮೧ರಲ್ಲಿ ಮೈಸೂರಿನ ಆಡಳಿತವು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿದ ಮೇಲೂ ಸ್ಯಾಂಡರ್ಸನ್ ಅವರಿಗೆ ಸಂಸ್ಥಾನದೊಂದಿಗಿನ ಸಂಬಂಧ ಮುಂದುವರಿಯಿತು. ೧೮೮೯ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ನಡೆದ ಖೆಡ್ಡಾದ ಹೊಣೆ ಅವರದಾಗಿತ್ತು. ಹೀಗೆ ಬೆಳೆ ಕಾಯಲು ಮತ್ತು ಸರ್ಕಾರಕ್ಕೆ ಆನೆ ಒದಗಿಸಲು ಆರಂಭವಾದ ಕಾರ್ಯಾಚರಣೆಯು ಅರಮನೆಯ ಗಣ್ಯ ಅತಿಥಿಗಳಿಗೆ ತೋರಿಸುವ ಪ್ರದರ್ಶನವೂ ಆಯಿತು. ಸ್ಯಾಂಡರ್ಸನ್ ೧೮೯೨ರಲ್ಲಿ, ೪೪ನೆಯ ವಯಸ್ಸಿನ ಆಸುಪಾಸಿನಲ್ಲಿ, ಮದರಾಸಿನಲ್ಲಿ ನಿಧನರಾದರು.

ನಂತರದ ಬೆಳವಣಿಗೆಗಳು

ಹೈದರ್ ಅಲಿ ವಿಫಲನಾಗಿದ್ದ ಕಾಕನಕೋಟೆ ಮುಂದಿನ ದಶಕಗಳಲ್ಲಿ ಮೈಸೂರಿನ ಖೆಡ್ಡಾಗಳ ಮುಖ್ಯ ನೆಲೆಯಾಯಿತು. ಕಬಿನಿ ನದಿಯೊಳಗೆ ಆನೆಗಳನ್ನು ಅಟ್ಟಿ ಹಿಡಿಯುವ ದೃಶ್ಯವು ದೇಶವಿದೇಶಗಳ ಅತಿಥಿಗಳನ್ನು ಸೆಳೆಯಿತು. ಕೊನೆಯ ಖೆಡ್ಡಾ ೧೯೭೧ರಲ್ಲಿ ನಡೆಯಿತು. ೧೯೭೪ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದಲ್ಲಿ ಆ ಕಾಡಿನ ಒಂದು ಭಾಗ ಮುಳುಗಿತು. ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತು ಪ್ರಸಿದ್ಧನಾದ, ೨೦೨೩ರಲ್ಲಿ ಮೃತಪಟ್ಟ ಅರ್ಜುನ ಎಂಬ ಆನೆ ೧೯೬೮ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕಿದ್ದು.

ಸ್ಯಾಂಡರ್ಸನ್ ಅವರ ಜೀವಿತಾವಧಿಯಲ್ಲೇ ಕೋವಿ ಮತ್ತು ಮದ್ದುಗಳ ಮೇಲೆ ಕಾನೂನಿನ ನಿಯಂತ್ರಣ ಬಿಗಿಯಾಯಿತು. ೧೮೭೮ರಲ್ಲಿ ಶಸ್ತ್ರಾಸ್ತ್ರ ಕಾಯಿದೆ, ೧೮೮೪ರಲ್ಲಿ ಸ್ಫೋಟಕ ವಸ್ತುಗಳ ಕಾಯಿದೆ ಬಂದವು. ೧೮೮೯ರಲ್ಲಿ ಬ್ರಿಟನ್ನಿನಲ್ಲಿ ಕಾರ್ಡೈಟ್ ಎಂಬ ಹೊಗೆ ಕಡಿಮೆಯ ಮದ್ದು ಸಿದ್ಧವಾಯಿತು. ಇಂತಹ ಮದ್ದುಗಳು ಕರಿಮದ್ದಿಗಿಂತ ಬಹಳ ಹೆಚ್ಚು ಒತ್ತಡ ಉಂಟುಮಾಡುವುದರಿಂದ, ಹಳೆಯ ಡ್ರಾಮ್ ಅಳತೆಯಲ್ಲಿ ಅವನ್ನು ತುಂಬಿದರೆ ಕೋವಿ ಸಿಡಿಯುತ್ತದೆ. ಹೀಗಾಗಿ ಸ್ಯಾಂಡರ್ಸನ್ ಕಾಲದ ತೋಟೆ ತುಂಬುವ ಲೆಕ್ಕಗಳು ಮುಂದಿನ ಕೋವಿಗಳಿಗೆ ಉಪಯೋಗವಿಲ್ಲದವಾದವು. ಇಂದು ಭಾರತದಲ್ಲಿ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆನೆ, ಹುಲಿಗಳ ಬೇಟೆಯನ್ನು ನಿಷೇಧಿಸಿದೆ. ಸ್ಯಾಂಡರ್ಸನ್ ಬೇಟೆಯಾಡಿದ ಕಾಕನಕೋಟೆ ಸೀಮೆಯೂ, ಹುಣಸೂರು ಮತ್ತು ಪಿರಿಯಾಪಟ್ಟಣ ಅಂಚಿನ ಕಾಡುಗಳೂ ಇಂದು ಬಹುಮಟ್ಟಿಗೆ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿವೆ.

ಮೌಲ್ಯಮಾಪನ

ಸ್ಯಾಂಡರ್ಸನ್ ಬೇಟೆಗಾರರಾಗಿಯೇ ಆನೆಗಳ ಅಧ್ಯಯನಕ್ಕೆ ಬಂದರು. ಅವರ ವೀಕ್ಷಣೆಯ ನಿಖರತೆಯು ಬೇಟೆಯ ಅಗತ್ಯದಿಂದಲೇ ಬೆಳೆದದ್ದು. ಖೆಡ್ಡಾ ಪದ್ಧತಿಯು ಗುಂಡಿಯಲ್ಲಿ ಬಿದ್ದು ಸಾಯುವುದರಿಂದಲೂ ಗುಂಡೇಟಿನಿಂದಲೂ ಹಲವು ಆನೆಗಳನ್ನು ಉಳಿಸಿತು. ಆದರೆ ಹಿಂಡುಗಳನ್ನು ಒಡೆದು, ತಾಯಿ-ಮರಿಗಳನ್ನು ಅಗಲಿಸಿ ಜೀವನಪರ್ಯಂತ ಸೆರೆಗೆ ಒಳಪಡಿಸಿತು. ಹಿಡಿಯುವಾಗಲೂ ಪಳಗಿಸುವಾಗಲೂ ಸತ್ತ ಆನೆಗಳಿದ್ದವು. ಹೆಜ್ಜೆ ಹಿಡಿದ, ಕಾವಲು ನಿಂತ, ಪಳಗಿಸಿದ ಕುರುಬರು, ಸೋಲಿಗರು ಮತ್ತು ಮಾವುತರ ಪಾಲು ದೊಡ್ಡದಾಗಿದ್ದರೂ ಅವರಲ್ಲಿ ಬಹುತೇಕರ ಹೆಸರುಗಳು ದಾಖಲಾಗಿಲ್ಲ. ಕಾಡಂಚಿನ ಬೆಳೆಹಾನಿಯ ಸಮಸ್ಯೆಯೂ ಬಗೆಹರಿಯಲಿಲ್ಲ. ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕಾಡಂಚಿನ ರೈತರು ಇಂದಿಗೂ ರಾತ್ರಿ ಆನೆ ಕಾಯುತ್ತಾರೆ. ಹಿಂಡುಗಳನ್ನು ಕಾಡಿಗೆ ಅಟ್ಟಲು ಪಟಾಕಿಯ ಸದ್ದು ಈಗಲೂ ಬಳಕೆಯಲ್ಲಿದೆ.